ಬಾವಿಗೆ ಇಳಿದ ದ್ರಾವಕ: ತೊಳೆಯುವ ದಾರಿ, ತಡೆಯುವ ದಾರಿ

(ಗ್ರಾಮಸ್ಥರು ಮತ್ತು ಕಾಲೇಜು ವಿದ್ಯಾರ್ಥಿಗಳಿಗಾಗಿ ಹೊನ್ನಾವರ ತಾಲ್ಲೂಕಿನಲ್ಲಿ ಏರ್ಪಡಿಸಿದ್ದ ಜಲಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕೈಗಾರಿಕಾ ದ್ರಾವಕಗಳಿಂದ ಕೆಟ್ಟ ಅಂತರ್ಜಲವನ್ನು ಶುದ್ಧಗೊಳಿಸುವ ಬಗೆ ಹೇಗೆ ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಆಮಂತ್ರಣ ಪತ್ರಿಕೆಯನ್ನು ಓದಿದ ಹಿರಿಯರೊಬ್ಬರು ಸಭೆಗೆ ಮುನ್ನ ನನ್ನನ್ನು ಕೇಳಿದರು: "ನಮ್ಮ ಕಡೆ ದೊಡ್ಡ ರಾಸಾಯನಿಕ ಕಾರ್ಖಾನೆಯೇ ಇಲ್ಲವಲ್ಲ, ಈ ಮಾತು ನಮಗೇಕೆ?" ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಕೊಡುವುದೇ ಈ ಉಪನ್ಯಾಸದ ಉದ್ದೇಶ ಎಂದು ತಿಳಿಯುತ್ತೇನೆ.

ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳಲ್ಲಿ ಮನೆಗೊಂದು ತೆರೆದ ಬಾವಿ ಇರುವುದು ಸಾಮಾನ್ಯ. ನಲ್ಲಿ ನೀರು ಬಂದ ಮನೆಗಳಲ್ಲಿಯೂ ಕುಡಿಯಲು, ಅಡಿಗೆಗೆ ಬಾವಿಯ ನೀರೇ ಬೇಕು. ಭಟ್ಕಳ ಪಟ್ಟಣದಲ್ಲಿ ಶರಾಬಿ ಹೊಳೆಯ ಆಸುಪಾಸಿನ ಬೀದಿಗಳ ಜನರು ಒಳಚರಂಡಿಯ ನೀರು ಬಾವಿಗಳಿಗೆ ಸೇರುತ್ತಿರುವುದರ ವಿರುದ್ಧ ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಅಲ್ಲಿನ ಕಷ್ಟ ದೊಡ್ಡದು. ಆದರೂ ಚರಂಡಿಯ ನೀರು ಸೇರಿದರೆ ಕಣ್ಣು, ಮೂಗುಗಳಿಗೆ ಗೊತ್ತಾಗುತ್ತದೆ. ದ್ರಾವಕ ಸೇರಿದ ನೀರು ತಿಳಿಯಾಗಿಯೇ ಇರಬಹುದು; ಅಪಾಯದ ಮಟ್ಟವನ್ನು ಮೀರಿದ ಮೇಲೂ ವಾಸನೆ ಬಾರದೆ ಇರಬಹುದು.

ದ್ರಾವಕವೆಂದರೆ ಯಾವುದು?

ಎಣ್ಣೆ, ಗ್ರೀಸು, ಬಣ್ಣ, ಅಂಟು ಮುಂತಾದವನ್ನು ಕರಗಿಸುವ ದ್ರವಗಳೇ ದ್ರಾವಕಗಳು. ಅಂತರ್ಜಲದ ದೃಷ್ಟಿಯಿಂದ ಇವುಗಳಲ್ಲಿ ಎರಡು ಗುಂಪುಗಳನ್ನು ಗುರುತಿಸಬೇಕು. ಪೆಟ್ರೋಲ್, ಸೀಮೆಎಣ್ಣೆ, ಟರ್ಪೆಂಟೈನ್, ಬಣ್ಣದ ಥಿನ್ನರ್‌ನಲ್ಲಿರುವ ಟೊಲ್ಯೂನ್, ಝೈಲೀನ್ ಇವು ನೀರಿಗಿಂತ ಹಗುರ; ನೀರಿನ ಮೇಲೆ ತೇಲುತ್ತವೆ. ಲೋಹದ ಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್, ಡ್ರೈಕ್ಲೀನಿಂಗ್‌ನಲ್ಲಿ ಬಳಕೆಗೆ ಬಂದ ಪರ್‌ಕ್ಲೋರೋಎಥಿಲೀನ್, ಪ್ರಯೋಗಶಾಲೆಯ ಕ್ಲೋರೋಫಾರ್ಮ್, ಕಾರ್ಬನ್ ಟೆಟ್ರಾಕ್ಲೋರೈಡ್ ಇವು ನೀರಿಗಿಂತ ಭಾರ. ನೀರನ್ನು ಸೀಳಿಕೊಂಡು ಕೆಳಗಿಳಿಯುತ್ತವೆ.

ಟ್ರೈಕ್ಲೋರೋಎಥಿಲೀನ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ನಿರ್ಣಯಿಸಿತು. ಅಮೆರಿಕದಲ್ಲಿ ಕುಡಿಯುವ ನೀರಿಗೆ ಇದರ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ; ಅಂದರೆ ಒಂದು ಗ್ರಾಮಿನ ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಐದು ಪಾಲು. ಒಂದು ಲೀಟರ್ ಟ್ರೈಕ್ಲೋರೋಎಥಿಲೀನ್ ಸುಮಾರು 1.46 ಕಿಲೋ ತೂಗುತ್ತದೆ. ಅದೆಲ್ಲವೂ ಕರಗಿದರೆ ಸುಮಾರು 29 ಕೋಟಿ ಲೀಟರ್ ನೀರನ್ನು ಈ ಮಿತಿಗೆ ತಂದು ಮುಟ್ಟಿಸುತ್ತದೆ. ದಿನಕ್ಕೆ 500 ಲೀಟರ್ ಬಳಸುವ ಒಂದು ಕುಟುಂಬಕ್ಕೆ ಅದು 1,600 ವರ್ಷಗಳ ನೀರು. ಪೆಟ್ರೋಲಿನಲ್ಲಿ ಬೆಂಜೀನ್ ಶೇಕಡಾ ಒಂದನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿದೆ. ಆ ಒಂದು ಪಾಲು ಬೆಂಜೀನ್ ಸಾಕು; ಒಂದು ಲೀಟರ್ ಪೆಟ್ರೋಲ್ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗೆ ತಲುಪಿಸಬಲ್ಲದು.

ಹಿರಿಯರ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲಿಯೇ ಇದೆ. ಬಾವಿ ಕೆಡಲು ಕಾರ್ಖಾನೆ ಬೇಕಾಗಿಲ್ಲ, ಒಂದು ಡಬ್ಬ ಸಾಕು.

ನಮ್ಮ ನಡುವೆ ಇರುವ ಮೂಲಗಳು

ಹೆದ್ದಾರಿಯ ಬದಿಯ ಗ್ಯಾರೇಜುಗಳಲ್ಲಿ ಯಂತ್ರದ ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆಗಳಿಂದ ತೊಳೆಯುತ್ತಾರೆ. ವಾಹನಗಳಿಗೆ ಬಣ್ಣ ಹೊಡೆಯುವಲ್ಲಿ ಥಿನ್ನರ್ ಬೇಕು. ಫೈಬರ್ ದೋಣಿಗಳನ್ನು ಮಾಡುವಲ್ಲಿ, ರಿಪೇರಿ ಮಾಡುವಲ್ಲಿ ರಾಳದ ಕೈ ಮತ್ತು ಬ್ರಶ್ ತೊಳೆಯಲು ಅಸಿಟೋನ್ ಬೇಕು. ಮುದ್ರಣಾಲಯಗಳಲ್ಲಿ ಶಾಯಿ ಒರೆಸುವ ದ್ರವವಿದೆ. ಪೆಟ್ರೋಲ್ ಪಂಪುಗಳ ತೊಟ್ಟಿಗಳು ನೆಲದೊಳಗಿವೆ. ಮಂಗಳೂರಿನ ತೈಲಾಗಾರದಿಂದಲೂ ಬಂದರಿನಿಂದಲೂ ಹೊರಡುವ ಟ್ಯಾಂಕರುಗಳು ನಮ್ಮ ಊರುಗಳನ್ನು ಹಾದು ಹೋಗುತ್ತವೆ. 2015ರಲ್ಲಿ ಕುಮಟಾ ತಾಲ್ಲೂಕಿನ ಬರ್ಗಿಯಲ್ಲಿ ಅನಿಲದ ಟ್ಯಾಂಕರ್ ಉರುಳಿ ಬೆಂಕಿ ಹೊತ್ತಿ ಹಲವರು ಪ್ರಾಣ ಕಳೆದುಕೊಂಡ ದುರಂತವನ್ನು ಯಾರೂ ಮರೆತಿಲ್ಲ. ಅಂದು ಉರುಳಿದ್ದು ಅನಿಲ. ದ್ರವದ ಟ್ಯಾಂಕರ್ ಉರುಳಿದ್ದರೆ ಬೆಂಕಿ ಆರಿದ ಮೇಲೂ ಅದರ ಒಂದು ಪಾಲು ನೆಲದೊಳಗೆ ಉಳಿಯುತ್ತಿತ್ತು.

ಕೃಷಿಕರೂ ಇದರಿಂದ ಹೊರತಲ್ಲ. ಇ.ಸಿ. ಎಂದು ಬರೆದ ಕೀಟನಾಶಕದ ಬಾಟಲಿಯಲ್ಲಿ ಕೀಟನಾಶಕದೊಡನೆ ಅದನ್ನು ಕರಗಿಸಿದ ದ್ರಾವಕವೂ ಇರುತ್ತದೆ. ಖಾಲಿ ಬಾಟಲಿಯನ್ನು ಬಾವಿಕಟ್ಟೆಯ ಮೇಲೆ ತೊಳೆಯುವ ರೂಢಿಯನ್ನು ನಾನು ಅನೇಕ ತೋಟಗಳಲ್ಲಿ ಕಂಡಿದ್ದೇನೆ. ವಿಜ್ಞಾನದ ವಿದ್ಯಾರ್ಥಿಗಳಿಗೂ ಒಂದು ಮಾತು: ಪ್ರಯೋಗಶಾಲೆಯ ಸಿಂಕಿಗೆ ಸುರಿದ ಕ್ಲೋರೋಫಾರ್ಮ್ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಪೈಪನ್ನು ಹಿಂಬಾಲಿಸಿ ನೋಡಿ.

ನಮ್ಮ ನೆಲದ ಸ್ವಭಾವ

ಮೇಲೆ ಚಿರೆಕಲ್ಲು, ಅದರ ಕೆಳಗೆ ಶೇಡಿ ಮಣ್ಣು, ಅದರ ಕೆಳಗೆ ಬಿರುಕು ಬಿಟ್ಟ ಗಟ್ಟಿ ಬಂಡೆ. ಕರಾವಳಿಯ ಗುಡ್ಡಗಳಲ್ಲಿ ಬಾವಿ ತೋಡಿದವರೆಲ್ಲ ಈ ಕ್ರಮವನ್ನು ಬಲ್ಲರು. ಚಿರೆಕಲ್ಲಿನ ತುಂಬ ತೂತುಗಳು, ಕೊಳವೆಗಳು; ಮಳೆಯ ನೀರು ಅವುಗಳ ಮೂಲಕ ಬಹುಬೇಗ ಕೆಳಗಿಳಿಯುತ್ತದೆ. ಶೇಡಿ ಮಣ್ಣು ನೀರನ್ನು ತಡೆದು ನಿಲ್ಲಿಸುತ್ತದೆ. ಅಲ್ಲಿ ತಡೆದ ನೀರೇ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಟು ಅಡಿಕೆ ತೋಟಗಳನ್ನು ಸಾಕುತ್ತದೆ.

ಹಗುರ ದ್ರಾವಕ ಈ ನೆಲಕ್ಕೆ ಬಿದ್ದರೆ ನೀರಿನ ಮಟ್ಟದ ಮೇಲೆ ತೇಲುತ್ತದೆ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಅದರ ಬಹುಭಾಗ ನಾಲ್ಕು ತಿಂಗಳಲ್ಲಿ. ಆಷಾಢದಲ್ಲಿ ಕೈಗೆಟುಕುವ ಬಾವಿಯ ನೀರು ಚೈತ್ರದಲ್ಲಿ ತಳ ಸೇರುತ್ತದೆ. ನೀರು ಏರುವಾಗ ದ್ರಾವಕವೂ ಏರುತ್ತದೆ, ಇಳಿಯುವಾಗ ಇಳಿಯುತ್ತದೆ. ಹೀಗೆ ಪ್ರತಿ ವರ್ಷ ಹಲವು ಮೀಟರ್ ದಪ್ಪದ ಮಣ್ಣಿಗೆ ತನ್ನನ್ನು ಬಳಿದುಕೊಳ್ಳುತ್ತದೆ. ಭಾರದ ದ್ರಾವಕವು ನೀರನ್ನು ದಾಟಿ ಶೇಡಿಯ ಮೇಲೆ ಮಡುಗಟ್ಟುತ್ತದೆ, ಬಿರುಕು ಸಿಕ್ಕಲ್ಲಿ ಬಂಡೆಯೊಳಕ್ಕೂ ಇಳಿಯುತ್ತದೆ. ಪಕ್ಕದಲ್ಲಿಯೇ ಕೊಳವೆಬಾವಿ ಕೊರೆದಿದ್ದರೆ ಅದು ಇಳಿಯಲು ನಾವೇ ದಾರಿ ಮಾಡಿಕೊಟ್ಟಂತೆ.

"ಇಷ್ಟು ಮಳೆ ಸುರಿಯುವ ಊರಿನಲ್ಲಿ ಎಲ್ಲವೂ ತೊಳೆದುಹೋಗದೇ?" ಎಂದು ಕೇಳುವವರಿದ್ದಾರೆ. ಮಳೆ ತೊಳೆಯುವುದು ಕರಗಿದ ಪಾಲನ್ನು ಮಾತ್ರ. ಅದನ್ನೂ ಕೆಳಗಿನ ಮನೆಯ ಬಾವಿಗೆ, ತೋಟದ ಒರತೆಗೆ, ಕೊನೆಗೆ ಅಘನಾಶಿನಿಯ, ಶರಾವತಿಯ ಅಳಿವೆಗೆ ಸಾಗಿಸುತ್ತದೆ. ಮಣ್ಣು ಹೀರಿಕೊಂಡ ಪಾಲು ಅಲ್ಲಿಯೇ ಇರುತ್ತದೆ. ಉಪ್ಪಿನಕಾಯಿಯ ಭರಣಿಯನ್ನು ಎಷ್ಟು ತೊಳೆದರೂ ಮರುದಿನ ಅದರಲ್ಲಿಟ್ಟ ನೀರಿಗೆ ಇಂಗಿನ ವಾಸನೆ ಬರುವುದಿಲ್ಲವೇ? ಜೇಡಿಮಣ್ಣು ಅಂತಹ ಭರಣಿ.

ಶುದ್ಧೀಕರಣದ ವಿಧಾನಗಳು

ಮೊದಲಿಗೆ, ಯಾವುದು ಶುದ್ಧೀಕರಣವಲ್ಲ ಎಂಬುದನ್ನು ಹೇಳಿಬಿಡುತ್ತೇನೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದರಿಂದ ರೋಗಾಣುಗಳು ಸಾಯುತ್ತವೆ, ದ್ರಾವಕ ಹೋಗುವುದಿಲ್ಲ. ನೀರನ್ನು ಕುದಿಸಿದರೆ ದ್ರಾವಕ ಆವಿಯಾಗಿ ಅಡಿಗೆಮನೆಯ ಗಾಳಿಗೆ ಸೇರುತ್ತದೆ, ಅದನ್ನು ಉಸಿರಾಡುವವರು ನಾವೇ. ಇದ್ದಿಲಿನ ಫಿಲ್ಟರ್ ಸ್ವಲ್ಪ ಕಾಲ ಹಿಡಿದಿಡುತ್ತದೆ. ಇದ್ದಿಲು ತುಂಬಿದ ಮೇಲೆ ಬಿಟ್ಟುಬಿಡುತ್ತದೆ, ಬಿಟ್ಟದ್ದು ನಮಗೆ ತಿಳಿಯುವುದಿಲ್ಲ.

ನಿಜವಾದ ಶುದ್ಧೀಕರಣದ ಮೊದಲ ಹೆಜ್ಜೆ ಮೂಲವನ್ನು ನಿಲ್ಲಿಸುವುದು ಮತ್ತು ದ್ರಾವಕ ಹೀರಿದ ಮಣ್ಣನ್ನು ಅಗೆದು ತೆಗೆಯುವುದು. ಎರಡನೆಯದು, ಸುತ್ತಲೂ ಪರೀಕ್ಷಾ ಬಾವಿಗಳನ್ನು ಕೊರೆದು ಕೆಟ್ಟ ನೀರು ಎಲ್ಲಿಯವರೆಗೆ, ಯಾವ ದಿಕ್ಕಿಗೆ ಹೋಗಿದೆ ಎಂದು ನಕ್ಷೆ ಮಾಡುವುದು. ಅನಂತರ ನೆಲಕ್ಕೆ ತಕ್ಕ ವಿಧಾನವನ್ನು ಆಯ್ದುಕೊಳ್ಳಬೇಕು.

ಹಳೆಯ ವಿಧಾನವೆಂದರೆ ನೀರನ್ನು ಮೇಲಕ್ಕೆತ್ತಿ, ಗೋಪುರದಲ್ಲಿ ಗಾಳಿಯಾಡಿಸಿ ಇಲ್ಲವೇ ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿ ಶುದ್ಧಗೊಳಿಸುವುದು. ಕೆಟ್ಟ ನೀರು ಮುಂದೆ ಹರಡದಂತೆ ಇದು ತಡೆಯುತ್ತದೆ. ಆದರೆ ಪಂಪು ನಿಲ್ಲಿಸಿದ ಕೆಲವು ತಿಂಗಳಲ್ಲಿ ಜೇಡಿಮಣ್ಣು ತಾನು ಹೀರಿದ್ದನ್ನು ಮತ್ತೆ ಬಿಡುತ್ತದೆ, ಮಟ್ಟ ಮತ್ತೆ ಏರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೋಬರ್ನ್ ಪಟ್ಟಣದಲ್ಲಿ ಟ್ರೈಕ್ಲೋರೋಎಥಿಲೀನ್ ಕಂಡುಬಂದ ಎರಡು ಸಾರ್ವಜನಿಕ ಬಾವಿಗಳನ್ನು 1979ರಲ್ಲಿ ಮುಚ್ಚಿದರು. ಹಣಕ್ಕೂ ತಂತ್ರಜ್ಞಾನಕ್ಕೂ ಕೊರತೆಯಿಲ್ಲದ ಆ ದೇಶದಲ್ಲಿ ನಾಲ್ಕು ದಶಕ ಕಳೆದರೂ ಆ ಜಾಗ ಶುದ್ಧೀಕರಣದ ಪಟ್ಟಿಯಿಂದ ಹೊರಬಂದಿಲ್ಲ.

ನಮ್ಮ ಕರಾವಳಿಗೆ ಈ ವಿಧಾನದಲ್ಲಿ ಇನ್ನೊಂದು ತೊಡಕಿದೆ, ಇದನ್ನು ತಾವು ವಿಶೇಷವಾಗಿ ಗಮನಿಸಬೇಕು. ಸಮುದ್ರದ, ಅಳಿವೆಯ ಸಮೀಪದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಹೆಚ್ಚು ಎತ್ತಿದರೆ ಉಪ್ಪು ಒಳಗೆ ಬರುತ್ತದೆ. ಗಜನಿಯ ಬದಿಯ ಜನರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ದ್ರಾವಕವನ್ನು ತೆಗೆಯಲು ಹಗಲಿರುಳು ಪಂಪು ಓಡಿಸಿದರೆ ಆ ಬಾವಿಗೆ ವಿಷ ಹೋಗಿ ಉಪ್ಪು ಬಂದೀತು. ಬೇರೆಡೆ ದಶಕಗಳ ಕಾಲ ನಡೆಸುವ ಚಿಕಿತ್ಸೆಯನ್ನು ಇಲ್ಲಿ ಅಳೆದು ತೂಗಿ ಮಾತ್ರ ನಡೆಸಬಹುದು.

ಇತರ ವಿಧಾನಗಳೂ ಇವೆ. ನೀರಿನ ಮಟ್ಟಕ್ಕಿಂತ ಮೇಲಿನ ಮಣ್ಣಿನಿಂದ ದ್ರಾವಕದ ಆವಿಯನ್ನು ಹೀರಿ ತೆಗೆಯಬಹುದು. ಮಣ್ಣು ಒಣಗಿದಾಗ ಚೆನ್ನಾಗಿ ನಡೆಯುವ ಈ ಕ್ರಮ ನಮ್ಮ ಮಳೆಗಾಲದಲ್ಲಿ ಕುಂಟುತ್ತದೆ. ಪೆಟ್ರೋಲಿನ ಅಂಶಗಳನ್ನು ತಿನ್ನುವ ಸೂಕ್ಷ್ಮಾಣುಗಳು ಮಣ್ಣಿನಲ್ಲಿ ಸಹಜವಾಗಿಯೇ ಇವೆ. ಅವುಗಳಿಗೆ ಗಾಳಿ ಒದಗಿಸಿದರೆ ಕೆಲಸ ಚುರುಕಾಗುತ್ತದೆ. ಕ್ಲೋರಿನ್ ಇರುವ ದ್ರಾವಕಗಳಿಗೆ ತದ್ವಿರುದ್ಧ ಕ್ರಮ ಬೇಕು. ಗಾಳಿಯಿಲ್ಲದ ಕಡೆ ಬದುಕುವ ಡಿಹ್ಯಾಲೊಕೊಕಾಯ್ಡಿಸ್ ಎಂಬ ಸೂಕ್ಷ್ಮಾಣು ಕ್ಲೋರಿನ್ ಪರಮಾಣುಗಳನ್ನು ಒಂದೊಂದಾಗಿ ಕಳಚಿ ನಿರಪಾಯಕಾರಿ ಎಥಿಲೀನ್ ಆಗಿಸುತ್ತದೆ. ಅದರ ಕೆಲಸಕ್ಕೆ ಅನುಕೂಲವಾಗಲೆಂದು ನೆಲದೊಳಕ್ಕೆ ಕಾಕಂಬಿ ಅಥವಾ ಖಾದ್ಯತೈಲವನ್ನು ಇಳಿಸುತ್ತಾರೆ. ಕೆಲಸ ನಡುವೆ ನಿಂತರೆ ಮಾತ್ರ ವಿನೈಲ್ ಕ್ಲೋರೈಡ್ ಎಂಬ, ಮೊದಲಿನದಕ್ಕಿಂತಲೂ ಕೆಟ್ಟ ವಸ್ತು ಉಳಿಯುತ್ತದೆ. ಆದ್ದರಿಂದ ಇದು ತಜ್ಞರ ಕಣ್ಗಾವಲಿನಲ್ಲಿ ನಡೆಯಬೇಕಾದ ಕೆಲಸ.

ಕೆಟ್ಟ ನೀರು ಹರಿಯುವ ದಾರಿಗೆ ಅಡ್ಡಲಾಗಿ ಕಂದಕ ತೋಡಿ ಕಬ್ಬಿಣದ ಪುಡಿ ತುಂಬುವ ವಿಧಾನವು 1990ರ ದಶಕದಿಂದ ಬಳಕೆಯಲ್ಲಿದೆ. ನೀರು ಕಬ್ಬಿಣದ ಮೂಲಕ ತಾನಾಗಿ ಹಾದು ಹೋಗುವಾಗ ಕ್ಲೋರಿನ್ ದ್ರಾವಕ ಒಡೆಯುತ್ತದೆ. ಪಂಪು ಬೇಡ, ಉಪ್ಪನ್ನು ಕರೆಯುವ ಭಯವಿಲ್ಲ. ಶೇಡಿ ಮಣ್ಣು ಹೆಚ್ಚು ಆಳದಲ್ಲಿಲ್ಲದ, ನೀರಿನ ದಾರಿ ಖಚಿತವಾಗಿ ಗೊತ್ತಿರುವ ಕಡೆ ನಮ್ಮ ಊರುಗಳಿಗೆ ಇದು ಹೊಂದೀತೆಂದು ನನ್ನ ಅಭಿಪ್ರಾಯ. ಆದರೆ ನೀರಿನ ದಾರಿ ಗೊತ್ತಿರಬೇಕು ಎಂಬ ಷರತ್ತು ಅದರ ಜೊತೆಗೇ ಇದೆ.

ನಮ್ಮ ದೇಶದ ಅನುಭವ

ಭೋಪಾಲದ ವಿಷಾನಿಲವನ್ನು ಎಲ್ಲರೂ ಬಲ್ಲರು. ಅಲ್ಲಿನ ಅಂತರ್ಜಲದ ಕಥೆ ಅಷ್ಟು ಪ್ರಚಾರ ಪಡೆಯಲಿಲ್ಲ. ಕಾರ್ಖಾನೆಯ ಆವರಣದಲ್ಲಿ, ಹೊರಗಿನ ಕೊಳಗಳಲ್ಲಿ ಸುರಿದ ತ್ಯಾಜ್ಯದಿಂದ ನೆರೆಯ ಬಡಾವಣೆಗಳ ನೀರಿಗೆ ಕಾರ್ಬನ್ ಟೆಟ್ರಾಕ್ಲೋರೈಡ್, ಕ್ಲೋರೋಫಾರ್ಮ್, ಡೈಕ್ಲೋರೋಬೆಂಜೀನ್ ಇಳಿದವು. 1999ರ ಹೊತ್ತಿಗೆ ಪರೀಕ್ಷೆಗಳಲ್ಲಿ ಇವು ಕಂಡುಬಂದಿದ್ದವು. ಆ ಜನರಿಗೆ ಶುದ್ಧ ನೀರು ಒದಗಿಸಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಆದೇಶಿಸಿತು. ಕಟ್ಟಿಟ್ಟಿದ್ದ 337 ಟನ್ ತ್ಯಾಜ್ಯವನ್ನು ಪೀಥಂಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ; ಅದನ್ನು ಸುಟ್ಟು ಮುಗಿಸಿದ್ದು ಅದೇ ವರ್ಷದ ಜೂನ್ ಕೊನೆಯಲ್ಲಿ. ಕಾರ್ಖಾನೆ ನಿಂತು ನಾಲ್ಕು ದಶಕಗಳಾದ ಮೇಲೆ ಸಾಧ್ಯವಾದದ್ದು ನೆಲದ ಮೇಲಿನ ಮೂಟೆಗಳನ್ನು ತೆಗೆಯುವುದು. ಆ ಮೂಟೆಗಳ ಜೊತೆಗೆ ನೆಲದೊಳಗಿನ ವಿಷ ಹೋಗಲಿಲ್ಲ.

ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಚ್ಛ್‌ಡಿ ಗ್ರಾಮದಲ್ಲಿ ಬಣ್ಣದ ಕಚ್ಚಾವಸ್ತುವಾದ ಎಚ್ ಆಮ್ಲ ತಯಾರಿಸಿದ ಕಾರ್ಖಾನೆಗಳ ತ್ಯಾಜ್ಯದಿಂದ ಬಾವಿಗಳ ನೀರು ಕಪ್ಪಾಯಿತು. ಕೆಡಿಸಿದವನೇ ಶುದ್ಧೀಕರಣದ ವೆಚ್ಚ ಭರಿಸಬೇಕು ಎಂದು ಸುಪ್ರೀಂ ಕೋರ್ಟ್ 1996ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಮೊತ್ತ 37.385 ಕೋಟಿ ರೂಪಾಯಿ ಎಂದು ನಿಗದಿಯಾದ ಮೇಲೂ ಕಂಪನಿಗಳು ವ್ಯಾಜ್ಯ ಮುಂದುವರಿಸಿದವು. 2011ರಲ್ಲಿ ನ್ಯಾಯಾಲಯ ಚಕ್ರಬಡ್ಡಿಯನ್ನೂ ಸೇರಿಸಿ ಕೊಡುವಂತೆ ಆದೇಶಿಸಬೇಕಾಯಿತು. ಗೆದ್ದ ಮೊಕದ್ದಮೆಯೂ ಹದಿನೈದು ವರ್ಷ ಬಾವಿಗೆ ನೀರು ತರಲಿಲ್ಲ.

ಕನ್ನಡ ನಾಡಿನ ಅಂಚಿಗೆ ಬಂದರೆ, ಕಾಸರಗೋಡಿನ ಗೇರು ತೋಟಗಳಲ್ಲಿ ಎಂಡೋಸಲ್ಫಾನ್ ವೈಮಾನಿಕ ಸಿಂಪಡಣೆ 2000ನೇ ಇಸವಿಯಲ್ಲಿ ನಿಂತಿತು. ಉಳಿದ ಕೀಟನಾಶಕವನ್ನು ಕರ್ನಾಟಕದ ಗಡಿಗೆ ಹೊಂದಿದ ಮಿಂಚಿಪದವಿನ ಪಾಳುಬಾವಿಯಲ್ಲಿ ಸುರಿದು ಮುಚ್ಚಲಾಗಿದೆ ಎಂಬ ದೂರು ಬಹುಕಾಲ ಕೇಳಿಬಂದು, ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಎಂಡೋಸಲ್ಫಾನ್ ತಾನಾಗಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಅದನ್ನು ಕರಗಿಸಿದ ದ್ರಾವಕವು ಅದಕ್ಕೆ ವಾಹನವಾಗಬಲ್ಲದು. ಪಾಳುಬಾವಿಯೆಂದರೆ ಕಸದ ಗುಂಡಿ ಎಂದು ತಿಳಿಯುವ ಅಭ್ಯಾಸ ನಮ್ಮಲ್ಲಿಯೂ ಇದೆ. ಪಾಳುಬಾವಿ ಅಂತರ್ಜಲಕ್ಕೆ ನೇರವಾಗಿ ತೆರೆದ ಬಾಗಿಲು.

ಕಾನೂನು ಏನು ಹೇಳುತ್ತದೆ

1974ರ ಜಲ ಕಾಯಿದೆಯ 24ನೇ ಕಲಮು ವಿಷಕಾರಿ ವಸ್ತುವನ್ನು ಹೊಳೆಗಾಗಲಿ ಬಾವಿಗಾಗಲಿ ಬಿಡುವುದನ್ನು ನಿಷೇಧಿಸುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಯಲ್ಲಿ ಬಳಸಿದ ಎಣ್ಣೆಯೂ ದ್ರಾವಕವೂ ಬರುತ್ತವೆ. ಹೊಸ ಪೆಟ್ರೋಲ್ ಪಂಪುಗಳನ್ನು ಶಾಲೆ, ಆಸ್ಪತ್ರೆ, ವಸತಿ ಪ್ರದೇಶಗಳಿಂದ ಸಾಮಾನ್ಯವಾಗಿ 50 ಮೀಟರ್ ದೂರದಲ್ಲಿಡಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಸೂಚಿಸಿತು.

ಇವೆಲ್ಲಕ್ಕಿಂತ ನಮಗೆ ಹೊಸದಾಗಿ ಒದಗಿರುವುದು 2025ರ ಜುಲೈನಲ್ಲಿ ಕೇಂದ್ರ ಸರಕಾರ ಹೊರಡಿಸಿದ ಕಲುಷಿತ ನಿವೇಶನಗಳ ನಿರ್ವಹಣಾ ನಿಯಮಗಳು. ಸಂಶಯಾಸ್ಪದ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಮತ್ತು ಜಿಲ್ಲಾಡಳಿತಗಳು ಆರು ತಿಂಗಳಿಗೊಮ್ಮೆ ಕೊಡಬೇಕು. ರಾಜ್ಯ ಮಂಡಳಿಯು 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ನಡೆಸಬೇಕು. ಕೆಡಿಸಿದವರನ್ನು ಗುರುತಿಸಿ ವೆಚ್ಚ ವಸೂಲು ಮಾಡಬೇಕು. ನಿಯಮ ಹೊರಟ ಹೊತ್ತಿಗೆ ದೇಶದಲ್ಲಿ ಗುರುತಿಸಲಾಗಿದ್ದ ಇಂತಹ ಜಾಗಗಳು 103. ಶುದ್ಧೀಕರಣ ಆರಂಭವಾದದ್ದು 7ರಲ್ಲಿ. ಗುರುತಿಸಿದ ಜಾಗವನ್ನು ಇಂತಿಷ್ಟು ಕಾಲದಲ್ಲಿ ಶುದ್ಧಗೊಳಿಸಿ ಮುಗಿಸಬೇಕೆಂಬ ಗಡುವು ನಿಯಮದಲ್ಲಿಲ್ಲ. ಹಾಗಿದ್ದರೂ ಪಟ್ಟಿ ಆರಂಭವಾಗುವುದು ಸ್ಥಳೀಯ ಸಂಸ್ಥೆಯಿಂದ ಎಂಬ ಅಂಶವನ್ನು ನಾವು ಬಿಡಬಾರದು.

ನಾವು ಮಾಡಬಹುದಾದದ್ದು

ಮೊದಲನೆಯದು ಬಾವಿ ದಾಖಲೆ. ಬಾವಿಯ ಆಳ, ಏಪ್ರಿಲ್ ಮತ್ತು ಆಗಸ್ಟ್ ತಿಂಗಳುಗಳ ನೀರಿನ ಮಟ್ಟ, ರುಚಿ, ವಾಸನೆ, ಸಮೀಪದ ಗ್ಯಾರೇಜು, ಪಂಪು, ಪಾಳುಬಾವಿ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ವಿದ್ಯಾರ್ಥಿಗಳು ಮೂರು ಬಾವಿಗಳ ಕಟ್ಟೆಯನ್ನು ಗಾರೆಯವರ ನೀರಿನ ಪೈಪಿನಿಂದ ಒಂದೇ ಮಟ್ಟಕ್ಕೆ ಹೋಲಿಸಿ, ಅಲ್ಲಿಂದ ನೀರಿನವರೆಗಿನ ಆಳವನ್ನು ಹಗ್ಗದಿಂದ ಅಳೆದರೆ ಅಂತರ್ಜಲ ಯಾವ ಕಡೆಗೆ ಹರಿಯುತ್ತಿದೆ ಎಂದು ತಿಳಿಯುತ್ತದೆ. ಕಬ್ಬಿಣದ ಕಂದಕಕ್ಕೆ ಬೇಕೆಂದು ನಾನು ಹೇಳಿದ ನೀರಿನ ದಾರಿಯ ತಿಳಿವಳಿಕೆ ಇಲ್ಲಿಂದ ಆರಂಭವಾಗುತ್ತದೆ. ಕೆಟ್ಟ ಮೇಲೆ ಅಳೆಯಲು ಹೊರಟರೆ ಮೊದಲು ಹೇಗಿತ್ತೆಂದು ಹೇಳುವವರಿರುವುದಿಲ್ಲ. ನ್ಯಾಯಾಲಯ ಕೇಳುವುದು ಅದನ್ನೇ.

ಎರಡನೆಯದು, ಬಳಸಿದ ದ್ರಾವಕದ ಲೆಕ್ಕ. ಗ್ಯಾರೇಜಿನವರು, ದೋಣಿ ಕಟ್ಟುವವರು ನಮ್ಮವರೇ. ಅವರನ್ನು ಆರೋಪಿಗಳೆಂದು ಕಾಣಬೇಕಾಗಿಲ್ಲ. ತೊಳೆದ ದ್ರವವನ್ನು ನೆಲಕ್ಕೆ ಚೆಲ್ಲದೆ ಮುಚ್ಚಳವಿರುವ ಡ್ರಮ್ಮಿನಲ್ಲಿ ಸಂಗ್ರಹಿಸುವುದು, ಕೆಲಸದ ಜಾಗಕ್ಕೆ ಸಿಮೆಂಟ್ ನೆಲ ಮತ್ತು ಅಂಚುಕಟ್ಟೆ, ಅಧಿಕೃತ ಸಂಗ್ರಹಕಾರರಿಗೆ ಒಟ್ಟಾಗಿ ಸಾಗಿಸುವ ವ್ಯವಸ್ಥೆ ಇಷ್ಟನ್ನು ಗ್ರಾಮಸಭೆಯಲ್ಲಿ ಪರವಾನಿಗೆಯ ಷರತ್ತಾಗಿ ಕೇಳೋಣ. ಒಬ್ಬೊಬ್ಬರಿಗೆ ಭಾರವಾಗುವ ಸಾಗಣೆ ಹತ್ತು ಮಂದಿ ಸೇರಿದರೆ ಹಗುರವಾಗುತ್ತದೆ.

ಮೂರನೆಯದು, ಚೆಲ್ಲಿದಾಗ ಮಾಡಬೇಕಾದದ್ದು. ನೀರು ಹೊಯ್ದು ಗಟಾರಕ್ಕೆ ತೊಳೆಯಬೇಡಿ. ಬೆಂಕಿಯ ಅಪಾಯವಿದ್ದರೆ ದೂರ ಸರಿದು ಅಗ್ನಿಶಾಮಕ ದಳವನ್ನು ಕರೆಯಿರಿ. ಅಪಾಯವಿಲ್ಲದ ಸಣ್ಣ ಸೋರಿಕೆಗೆ ಮರಳು ಹಾಕಿ, ತೊಯ್ದ ಮಣ್ಣನ್ನು ಮುಂದಿನ ಮಳೆಗೆ ಮೊದಲೇ ಅಗೆದು ದಪ್ಪ ಟಾರ್ಪಾಲಿನ ಮೇಲೆ ಹಾಕಿ ಮುಚ್ಚಿಡಿ. ಬಾವಿಯಲ್ಲಿ ಪೆಟ್ರೋಲಿನ ವಾಸನೆ ಬಂದರೆ ಮೋಟಾರು ಹಾಕಬೇಡಿ, ಯಾರನ್ನೂ ಇಳಿಸಬೇಡಿ. ಆವಿ ಪ್ರಾಣ ತೆಗೆಯುತ್ತದೆ. ಕಾರವಾರದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಪಂಚಾಯಿತಿಯ ಪರೀಕ್ಷಾ ಕಿಟ್ಟಿನಲ್ಲಿ ದ್ರಾವಕ ಕಾಣುವುದಿಲ್ಲ, ಗ್ಯಾಸ್ ಕ್ರೊಮ್ಯಾಟೊಗ್ರಫಿ ಇರುವ ಪ್ರಯೋಗಾಲಯವೇ ಬೇಕು. ಮಾದರಿಯನ್ನು ಗಾಜಿನ ಸೀಸೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಕಳುಹಿಸಿ. ಅರ್ಧ ತುಂಬಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಹೋದ ನೀರು ಸುಳ್ಳು ಸಾಕ್ಷಿ ಹೇಳುತ್ತದೆ.

ಬಂಧುಗಳೇ, ಕೆಟ್ಟ ಅಂತರ್ಜಲವನ್ನು ಶುದ್ಧಗೊಳಿಸುವ ವಿಜ್ಞಾನ ಇದೆ, ಅದು ಬೆಳೆಯುತ್ತಲೂ ಇದೆ. ಆದರೆ ನಮ್ಮ ಚಿರೆಕಲ್ಲು, ನಮ್ಮ ಮಳೆ, ನಮ್ಮ ಉಪ್ಪುನೀರು ಇವುಗಳ ನಡುವೆ ಅದು ನಿಧಾನವಾಗಿ, ದುಬಾರಿಯಾಗಿ, ಅಪೂರ್ಣವಾಗಿ ಮಾತ್ರ ಕೆಲಸ ಮಾಡೀತು. ಈ ಏಪ್ರಿಲ್‌ನಲ್ಲಿ ಪ್ರತಿ ಹಳ್ಳಿಯಿಂದ ಕನಿಷ್ಠ ಹತ್ತು ಬಾವಿಗಳ ದಾಖಲೆ ತಯಾರಾಗಲಿ, ಆಗಸ್ಟ್‌ನಲ್ಲಿ ಅದೇ ಬಾವಿಗಳನ್ನು ಮತ್ತೆ ಅಳೆಯೋಣ. ಅಳತೆಯ ಕ್ರಮವನ್ನು ಕಲಿಸಲು ಕರೆದಲ್ಲಿಗೆ ನಾನು ಬರುತ್ತೇನೆ.